ಬಾಣಂತನಕ್ಕೆ ಇಂಗ್ಲೆಂಡಿಗೆ ಹೊರಟವರಿಗೆ: ಟ್ಯಾಕ್ಸಿ, ಬಸ್ಸು, ಸೀಟ್ ಬೆಲ್ಟು

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಸ್ಟೀರಿಂಗ್ ಹಿಡಿದವನು ನಾನು. ಜಾಸ್ತಿ ಓಡಿಸಿದ್ದು ಹಾಸನ–ಮಂಗಳೂರು, ಶಿರಾಡಿ ಘಾಟಿಯ ರೂಟು. ರಿಟೈರ್ ಆದ ಮೇಲೆ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಇಂಗ್ಲೆಂಡಿನ ರೆಡಿಂಗ್‌ಗೆ ಹೋದೆ. ಹೀಥ್ರೋ ಏರ್‌ಪೋರ್ಟಿನಲ್ಲಿ ಅಳಿಯ ಬುಕ್ ಮಾಡಿದ್ದ ಟ್ಯಾಕ್ಸಿ ಹತ್ತಿದೆವು. ಸಾಮಾನು ಡಿಕ್ಕಿಗೆ ಹೋಯಿತು, ಬಾಗಿಲು ಹಾಕಿದ್ದಾಯಿತು, ಗಾಡಿ ಮಾತ್ರ ಹೊರಡಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಾ ಕೂತಿದ್ದ. ದುಡ್ಡು ಮೊದಲೇ ಕೊಡಬೇಕೇನೋ ಎಂದು ಜೇಬಿಗೆ ಕೈ ಹಾಕಿದೆ. ಅವನು ಮೆಲ್ಲಗೆ ‘ಅಂಕಲ್, ಬೆಲ್ಟ್’ ಅಂದ. ಒಬ್ಬ ಡ್ರೈವರ್‌ಗೆ ಇನ್ನೊಬ್ಬ ಡ್ರೈವರ್ ಹೇಳಿಕೊಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಹಿಂದಿನ ಸೀಟಿಗೆ ಬೆಲ್ಟು ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ನೀವೂ ಕೇಳಬಹುದು. ಘಾಟಿಯಲ್ಲಿ ನಾನು ಜೋರಾಗಿ ಬ್ರೇಕ್ ಹಾಕಿದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ಒಳಗಿದ್ದವರು ನಿಲ್ಲುತ್ತಿರಲಿಲ್ಲ. ಹಿಂದಿನವರು ಮುಂದಿನ ಕಂಬಿಗೆ ಬಂದು ಬಡಿದುಕೊಳ್ಳುತ್ತಿದ್ದರು. ಕಾರಿನಲ್ಲೂ ಅಷ್ಟೇ. ಹಿಂದೆ ಕೂತವರು ಮುಂದಿನವರ ಬೆನ್ನಿಗೆ ಹೋಗಿ ಬೀಳುತ್ತಾರೆ.

ಈಗ ಹಾಕಿಕೊಳ್ಳುವ ರೀತಿ. ಮಕ್ಕಳು ಹೇಳಿಕೊಡುತ್ತಾರೆ ನಿಜ, ಆದರೆ ಅವಸರದಲ್ಲಿ ಹೇಳುತ್ತಾರೆ. ಕೂತ ಕೂಡಲೇ ಬಾಗಿಲ ಕಡೆಯ ಭುಜದ ಮೇಲಿಂದ ಬೆಲ್ಟನ್ನು ನಿಧಾನಕ್ಕೆ ಎಳೆಯಿರಿ. ಜಗ್ಗಿದರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ, ಹಿಡಿದುಕೊಳ್ಳುವುದೇ ಅದರ ಕೆಲಸ. ಸ್ವಲ್ಪ ಒಳಗೆ ಬಿಟ್ಟು ಮತ್ತೆ ಎಳೆದರೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಬಕಲ್ ಇರುತ್ತವೆ. ನಮ್ಮದನ್ನು ಬಿಟ್ಟು ಮಧ್ಯದವರದಕ್ಕೆ ತುರುಕುವುದೇ ಎಲ್ಲರೂ ಮಾಡುವ ತಪ್ಪು. ‘ಟಕ್’ ಅನ್ನುವ ಸದ್ದು ಬಂತಾ? ಒಮ್ಮೆ ಎಳೆದು ನೋಡಿ.

ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಪೆಟ್ಟು ತಡೆಯುವ ಶಕ್ತಿ ಮೂಳೆಗಿದೆ, ಹೊಟ್ಟೆಯೊಳಗೆ ಇರುವುದೆಲ್ಲ ಮೆತ್ತಗಿನದು. ಮೇಲಿನ ಪಟ್ಟಿ ಭುಜದ ಮಧ್ಯದಿಂದ ಎದೆಯ ಮೇಲೆ ಹಾದು ಹೋಗಬೇಕು. ಕತ್ತಿಗೆ ಒತ್ತುತ್ತದೆ ಅಂತ ಕಂಕುಳ ಕೆಳಗೆ ಹಾಕಿಕೊಳ್ಳುವವರಿದ್ದಾರೆ. ನನ್ನ ಹೆಂಡತಿಯೂ ಹಾಗೇ ಮಾಡಿದಳು. ಬೇಡವೇ ಬೇಡ, ಪಕ್ಕೆಲುಬು ಮುರಿಯುತ್ತದೆ. ಸೆರಗಿನ ಪಿನ್ನು ಬೆಲ್ಟಿನ ಅಡಿಗೆ ಬರದ ಹಾಗೆ ಸರಿಸಿಕೊಳ್ಳಿ.

ಚಳಿಗಾಲದಲ್ಲಿ ಹೋದರೆ ದಪ್ಪ ಜಾಕೆಟ್ಟಿನ ತೊಂದರೆ ಒಂದಿದೆ. ಜಾಕೆಟ್ಟಿನ ಮೇಲೆ ಹಾಕಿದ ಬೆಲ್ಟು ಬಿಗಿಯಾಗಿದೆ ಅನ್ನಿಸುತ್ತದೆ. ನಿಜವಾಗಿ ಅದು ಹಿಡಿದಿರುವುದು ಒಳಗಿನ ಹತ್ತಿಯನ್ನು, ನಿಮ್ಮನ್ನಲ್ಲ. ಟ್ಯಾಕ್ಸಿಯೊಳಗೆ ಹೀಟರ್ ಇರುತ್ತದೆ. ಜಿಪ್ ತೆಗೆದು, ಜಾಕೆಟ್ಟನ್ನು ಎರಡು ಕಡೆ ಸರಿಸಿ, ಮೈಗೆ ಹತ್ತಿರವಾಗಿ ಬೆಲ್ಟು ಹಾಕಿಕೊಳ್ಳಿ.

ದಂಡ ಯಾರು ಕಟ್ಟಬೇಕು? ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರು ಬೆಲ್ಟು ಹಾಕಲೇಬೇಕು ಅನ್ನುವ ಕಾನೂನು 1983ರ ಜನವರಿ 31ರಿಂದ ಇದೆ. ಹಿಂದೆ ಕೂತ ದೊಡ್ಡವರಿಗೂ 1991ರಲ್ಲಿ ಬಂತು. 14 ವರ್ಷ ತುಂಬಿದವರು ತಮ್ಮ ಬೆಲ್ಟಿಗೆ ತಾವೇ ಜವಾಬ್ದಾರರು. ಟ್ಯಾಕ್ಸಿಯಲ್ಲಿದ್ದರೂ ದಂಡ ನಿಮ್ಮದೇ, ಡ್ರೈವರ್‌ದಲ್ಲ. ಸ್ಥಳದಲ್ಲಿ 100 ಪೌಂಡ್, ಕೋರ್ಟಿಗೆ ಹೋದರೆ 500ರವರೆಗೆ.

ವಾಪಸ್ ಬರುವಾಗ ದುಬೈನಲ್ಲಿ ತಮ್ಮನ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಅಲ್ಲಿ ಲೆಕ್ಕ ಬೇರೆ. (ಅಲ್ಲಿ ಸ್ಟೀರಿಂಗ್ ಎಡಕ್ಕೆ. ಮುಂದೆ ಕೂರಲು ಹೋಗಿ ಡ್ರೈವರ್ ಬಾಗಿಲನ್ನೇ ತೆಗೆದುಬಿಟ್ಟೆ.) 2017ರ ಜುಲೈಯಿಂದ ಗಾಡಿಯಲ್ಲಿರುವ ಎಲ್ಲರೂ ಬೆಲ್ಟು ಹಾಕಬೇಕು. ತಪ್ಪಿದರೆ 400 ದಿರ್ಹಮ್ ದಂಡ, ಮೇಲೆ ಡ್ರೈವರ್ ಲೈಸೆನ್ಸಿಗೆ 4 ಕಪ್ಪು ಪಾಯಿಂಟು, ಅಂದರೆ ತಪ್ಪಿನ ಗುರುತು; ಅವು ಕೂಡುತ್ತಾ ಹೋದರೆ ಲೈಸೆನ್ಸಿಗೇ ಕುತ್ತು. ಹಿಂದೆ ಕೂತ ನಾವು ಉದಾಸೀನ ಮಾಡಿದರೆ ಮುಂದೆ ಕೂತವನ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತದೆ. ಊರು ಬಿಟ್ಟು ಬಂದು ದುಡಿಯುವವರು ಅವರು. ಅವರು ಬಾಯಿಬಿಟ್ಟು ಕೇಳುವ ಮೊದಲೇ ಹಾಕಿಕೊಳ್ಳಿ.

ಲಂಡನ್ನಿನ ಕಪ್ಪು ಟ್ಯಾಕ್ಸಿಯಲ್ಲಿ ನಿಮಗೆ ಗೊಂದಲವಾಗಬಹುದು. ನೀವು ಬೆಲ್ಟು ಹಾಕಿರುತ್ತೀರಿ, ಡ್ರೈವರ್ ಹಾಕಿರುವುದಿಲ್ಲ! ಪ್ಯಾಸೆಂಜರ್ ಇದ್ದಾಗ, ಬಾಡಿಗೆ ಹುಡುಕುತ್ತಾ ಓಡಾಡುವಾಗ ಆ ಡ್ರೈವರ್‌ಗಳಿಗೆ ಕಾನೂನಿನಲ್ಲೇ ವಿನಾಯಿತಿ ಇದೆ. ನನಗೇನೋ ಅದು ಸರಿ ಕಾಣಲಿಲ್ಲ. ಆದರೆ ಅವರನ್ನು ನೋಡಿ ನಾವು ಬಿಚ್ಚುವ ಹಾಗಿಲ್ಲ, ನಮಗೆ ವಿನಾಯಿತಿ ಇಲ್ಲ. ಹಿಂದಕ್ಕೆ ಮುಖ ಮಾಡಿ ಕೂರುವ ಮಡಚು ಸೀಟಿನಲ್ಲಿ ಕೂತರೂ ಬೆಲ್ಟು ಹುಡುಕಿ ಹಾಕಿಕೊಳ್ಳಿ.

ಬಸುರಿ ಮಗಳ ಜೊತೆ ಚೆಕಪ್‌ಗೆ ಹೋದಾಗ ನಮ್ಮ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. ‘ತುಂಬಿದ ಹೊಟ್ಟೆಗೆ ಬೆಲ್ಟು ಬಿಗಿಯೋದಾ?’ ಅಂತ ಹೆಂಡತಿ. ‘ಅಮ್ಮಾ, ಇಲ್ಲಿ ಬಸುರಿಯರೂ ಹಾಕಬೇಕು’ ಅಂತ ಮಗಳು. ಮಗಳು ಹೇಳಿದ್ದೇ ಸರಿ. ಡಾಕ್ಟರ್ ಬರೆದುಕೊಟ್ಟ ವಿನಾಯಿತಿ ಪತ್ರ ಇದ್ದರೆ ಮಾತ್ರ ಬಿಡಬಹುದು. ಕೆಳಗಿನ ಪಟ್ಟಿ ಹೊಟ್ಟೆಯ ಅಡಿಯಲ್ಲಿ, ತೊಡೆ ಸೊಂಟ ಸೇರುವ ಕಡೆ ಬರಬೇಕು. ಮೇಲಿನದು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಮಗಳು ಹಾಕಿ ತೋರಿಸಿದ ಮೇಲೆ ಅವಳಮ್ಮ ಸುಮ್ಮನಾದಳು.

ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಟ್ಯಾಕ್ಸಿ. ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಅಲ್ಲಿನ ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಟ್ಯಾಕ್ಸಿಯಲ್ಲಿ ಮಕ್ಕಳ ಸೀಟು ಇಲ್ಲದಿದ್ದರೆ, 3 ವರ್ಷದೊಳಗಿನ ಮಗು ಬೆಲ್ಟಿಲ್ಲದೆ ಹಿಂದಿನ ಸೀಟಿನಲ್ಲಿ ಹೋಗಬಹುದು. 3 ದಾಟಿದ ಮಕ್ಕಳು ಹಿಂದೆ ಕೂತು ದೊಡ್ಡವರ ಬೆಲ್ಟು ಹಾಕಿಕೊಳ್ಳಬೇಕು. ಆದರೆ ಇದು ಟ್ಯಾಕ್ಸಿಗೆ ಕೊಟ್ಟಿರುವ ರಿಯಾಯಿತಿ. ಅಳಿಯನ ಕಾರಿಗೆ ಇದು ನಡೆಯುವುದಿಲ್ಲ. ಅಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳ ಸೀಟು ಬೇಕು.

ಡ್ರೈವರ್ ಆಗಿ ನನ್ನ ಮಾತು ಕೇಳಿ: ಟ್ಯಾಕ್ಸಿಗೂ ಸೀಟು ತೆಗೆದುಕೊಂಡು ಹೋಗಿ. ಎಂಥ ಗಟ್ಟಿ ಕೈಯಾದರೂ ಡಿಕ್ಕಿಯ ಹೊತ್ತಿಗೆ ಕೂಸನ್ನು ಹಿಡಿದು ನಿಲ್ಲಿಸಲಾರದು. ನಿಮ್ಮ ಬೆಲ್ಟನ್ನೇ ಮಗುವಿಗೂ ಸೇರಿಸಿ ಸುತ್ತುವುದು ಇನ್ನೂ ಕೆಟ್ಟದ್ದು. ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಕೂಸಿನ ಸೀಟು ಹಿಂದಕ್ಕೆ ಮುಖ ಮಾಡಿರುತ್ತದೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಅದನ್ನು ಅಲ್ಲಿ ಇಡಲೇಬಾರದು. ಮೊದಲು ಪಟ್ಟಿ ಬಿಗಿಯಿರಿ, ಆಮೇಲೆ ಅದರ ಮೇಲೆ ಹೊದಿಕೆ ಹೊದಿಸಿ. ನಾವು ಹಳೇ ಸೀರೆಯನ್ನು ಹಾಗೇ ಹೊದಿಸಿದೆವು, ಅಜ್ಜಿಗೂ ಸಮಾಧಾನವಾಯಿತು.

ಬಸ್ಸಿನ ವಿಷಯಕ್ಕೆ ಬಂದರೆ, ಊರಿಂದೂರಿಗೆ ಹೋಗುವ ಬಸ್ಸನ್ನು ಅಲ್ಲಿ ಕೋಚ್ ಅನ್ನುತ್ತಾರೆ. ಅದರ ಸೀಟಿನಲ್ಲಿ ಬೆಲ್ಟು ಇದ್ದರೆ ಹಾಕಲೇಬೇಕು. ಲಂಡನ್ನಿನ ಕೆಂಪು ಸಿಟಿ ಬಸ್ಸಿನಲ್ಲಿ ಪ್ಯಾಸೆಂಜರ್‌ಗೆ ಬೆಲ್ಟೇ ಇಲ್ಲ, ನಿಂತೂ ಹೋಗುತ್ತಾರೆ. ನಮ್ಮ ವಯಸ್ಸಿನವರು ಬೀಳುವುದು ಇಲ್ಲೇ. ನನ್ನ ಸರ್ವಿಸ್ಸಿನಲ್ಲಿ ನೋಡಿದ್ದೇನೆ, ಬಸ್ಸು ಹೊರಡುವಾಗ ಮತ್ತು ನಿಲ್ಲುವಾಗಲೇ ಜನ ಮುಗ್ಗರಿಸುತ್ತಾರೆ. ಬಾಗಿಲ ಹತ್ತಿರದ ಹಿರಿಯರ ಸೀಟಿನಲ್ಲಿ ಕೂರಿ. ಮಹಡಿಗೆ ಹತ್ತುವ ಆಸೆಯಿದ್ದರೆ ಗಾಡಿ ನಿಂತಿರುವಾಗ ಹತ್ತಿ. ಇಳಿಯುವ ಸ್ಟಾಪಿಗೆ ಗುಂಡಿ ಒತ್ತಿ ಕೂತೇ ಇರಿ, ಬಸ್ಸು ಪೂರ್ತಿ ನಿಂತ ಮೇಲೆ ಏಳಿ. ನಿಮ್ಮನ್ನು ಬಿಟ್ಟು ಹೋಗಿಬಿಡುತ್ತಾರೆ ಅನ್ನುವ ಭಯ ಬೇಡ. ರೈಲಿನಲ್ಲಿ ಬೆಲ್ಟಿನ ಮಾತೇ ಇಲ್ಲ.

ಆರು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಇಳಿದು ಹಾಸನಕ್ಕೆ ಟ್ಯಾಕ್ಸಿ ಮಾಡಿದೆವು. ನಮ್ಮಲ್ಲೂ ಹಿಂದಿನ ಸೀಟಿಗೆ ಬೆಲ್ಟು ಕಡ್ಡಾಯ, ದಂಡ 1,000 ರೂಪಾಯಿ. ಬಕಲ್ ಮಾತ್ರ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿತ್ತು. ‘ಹಿಂದೆ ಬೇಡ ಬಿಡಿ ಅಮ್ಮಾ’ ಅಂದ ಹುಡುಗ. ಅವಳು ಕೇಳಲಿಲ್ಲ. ಕವರಿನ ದಾರ ಬಿಚ್ಚಿ, ಒಳಗೆ ಕೈ ಹಾಕಿ, ಒಂದು ಪೆನ್ನು, ಎರಡು ಕಡಲೆಕಾಯಿ ಸಿಪ್ಪೆ ತೆಗೆದ ಮೇಲೆ ಬಕಲ್ ಸಿಕ್ಕಿತು. ನನ್ನ ಕಡೆಯದೂ ಅವಳೇ ಹುಡುಕಿ ಕೊಟ್ಟಳು. ನೆಲಮಂಗಲ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.