ಯೂನಿವರ್ಸಿಟಿ ಮೇಲ್ ತೆರೆಯೋಕೆ ನನಗೆ ಐದು ವಾರ ಬೇಕಾಯಿತು

ಅಡ್ಮಿಷನ್ ಆದ ದಿನ ಕೌಂಟರಿನಲ್ಲಿ ಒಂದು ಚೀಟಿ ಕೊಟ್ಟರು. ಲಾಗಿನ್ ಹೆಸರು, ತಾತ್ಕಾಲಿಕ ಪಾಸ್‌ವರ್ಡ್, ವೆಬ್‌ಮೇಲ್ ವಿಳಾಸ, ಮೂರೇ ಸಾಲು. ಫೀಸ್ ರಸೀದಿ ಜೊತೆ ಮಡಚಿ ಬ್ಯಾಗಿನ ಒಳಜೇಬಿಗೆ ತುರುಕಿದೆ. ಜಿಮೇಲ್ ಇದೆಯಲ್ಲ, ಇನ್ನೊಂದು ಯಾಕೆ ಅಂತ. ಐದು ವಾರ ಆ ಚೀಟಿ ಅಲ್ಲೇ ಬಿದ್ದಿತ್ತು.

ಒಂದು ಸೋಮವಾರ ಲ್ಯಾಬಿಗೆ ಹೋದರೆ ಬಾಗಿಲಿಗೆ ಬೀಗ. ಗೆಳೆಯನಿಗೆ ಫೋನ್ ಮಾಡಿದೆ. “ಬ್ಯಾಚ್ ಬದಲಾಯ್ತಲ್ಲೋ, ನಮ್ಮದು ಶುಕ್ರವಾರವೇ ಮುಗೀತು. ಮೇಲ್ ಬಂದಿತ್ತು, ನೋಡಿಲ್ವಾ?” ಆ ವಾರದ ಹಾಜರಾತಿ ಹೋಯಿತು. ವಿಭಾಗದಲ್ಲಿ ಕೇಳಿದರೆ “ಮೇಲ್ ಕಳಿಸಿದ್ವಲ್ಲ” ಅಂದರು. ಅವರ ಲೆಕ್ಕದಲ್ಲಿ ಮೇಲ್ ಕಳಿಸಿದರೆ ಹೇಳಿದ ಹಾಗೆ. ಅವತ್ತೇ ಚೀಟಿ ಹುಡುಕಿ ತೆಗೆದೆ.

ಒಳಗೆ ಹೋಗೋದೇ ದೊಡ್ಡ ಕೆಲಸವಾಯಿತು. ಲಾಗಿನ್ ಪುಟದಲ್ಲಿ ಎರಡು ಖಾಲಿ ಡಬ್ಬಿ. ಪೂರ್ತಿ ಮೇಲ್ ವಿಳಾಸ ಹಾಕಿದೆ, ತಪ್ಪು ಅಂತ ಬಂತು. ವಿಳಾಸದ ನಡುವೆ ಬರುವ ಅಟ್ (@) ಚಿಹ್ನೆಯನ್ನು ಅಮೆರಿಕದ ಪ್ರೋಗ್ರಾಮರ್ ರೇ ಟಾಮ್ಲಿನ್ಸನ್ 1971ರಲ್ಲಿ ಆರಿಸಿದ್ದು ಇದಕ್ಕೇ: ಎಡಕ್ಕೆ ಆಳಿನ ಹೆಸರು, ಬಲಕ್ಕೆ ಯಂತ್ರದ ಹೆಸರು. ಕೆಲವು ವೆಬ್‌ಮೇಲ್‌ಗಳು ಎರಡೂ ಕೇಳುತ್ತವೆ, ಕೆಲವಕ್ಕೆ ಎಡಗಡೆಯದು ಸಾಕು. ನಮ್ಮದಕ್ಕೆ ಬೇಕಿದ್ದದ್ದು ಬರೀ ರಿಜಿಸ್ಟರ್ ನಂಬರ್. ಅದನ್ನು ಹಾಕಿದ ಮೇಲೂ ಪಾಸ್‌ವರ್ಡ್ ಹಿಡಿಯಲಿಲ್ಲ. ಐದನೇ ಸಲಕ್ಕೆ ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಅಂತ ಬಾಗಿಲು ಹಾಕಿಕೊಂಡಿತು.

ಕಾಯುವಾಗ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಡುವೆ ಒಂದು ದುಂಡಗಿನ ಗುರುತು. ಸೊನ್ನೆಯೋ, ದೊಡ್ಡ ಓ ಅಕ್ಷರವೋ? ಕೊನೆಯಲ್ಲಿ ಒಂದು ನೆಟ್ಟಗಿನ ಗೀಟು. ಅದು ಒಂದೋ, ಚಿಕ್ಕ ಎಲ್ಲೋ, ದೊಡ್ಡ ಐಯೋ? ಲಾಗಿನ್ ಡಬ್ಬಿಯಲ್ಲಿ ಟೈಪ್ ಮಾಡಿದರೆ ಬರೀ ಚುಕ್ಕಿ ಕಾಣುತ್ತವೆ, ಏನು ಒತ್ತಿದೆ ಅಂತಲೇ ಗೊತ್ತಾಗಲ್ಲ. ನೋಟ್‌ಪ್ಯಾಡ್ ತೆರೆದು ಅಲ್ಲಿ ಕಣ್ಣಿಗೆ ಕಾಣುವ ಹಾಗೆ ಟೈಪ್ ಮಾಡಿ, ಕಾಪಿ ಮಾಡಿ ಹಾಕಿದೆ. ಎರಡನೇ ಊಹೆ ಸರಿಹೋಯಿತು. ಫೈಲ್ ಸೇವ್ ಮಾಡದೆ ಮುಚ್ಚಿದೆ.

ಹೊಸ ಪಾಸ್‌ವರ್ಡ್ ಇಡು ಅಂತ ತಕ್ಷಣ ಕೇಳಿತು. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು ಅಂತ ಹಟ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಇಂಥ ಕಡ್ಡಾಯ ಬೇಡ, ಉದ್ದ ಇದ್ದರೆ ಒಳ್ಳೆಯದು ಅಂತ ಮಾರ್ಗಸೂಚಿ ಬರೆದಿದೆ. ಆದರೂ ಈ ಹಟ ಬಿಡದ ಪುಟಗಳು ಎಷ್ಟೋ ಇವೆ. ನಾನು ಸಂಬಂಧವೇ ಇಲ್ಲದ ನಾಲ್ಕು ಪದ ಜೋಡಿಸಿ, ಅದು ಕೇಳಿದ ಅಂಕಿ, ಚಿಹ್ನೆ ಕೊನೆಗೆ ಅಂಟಿಸಿದೆ.

ಆಮೇಲೆ ಎರಡನೇ ಬೀಗ. ಫೋನಿನಲ್ಲಿ ಅಥೆಂಟಿಕೇಟರ್ ಆಪ್ ಹಾಕಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 30 ಸೆಕೆಂಡಿಗೊಂದು ಹೊಸ ಆರಂಕಿ ಕೋಡ್ ಬರುತ್ತದೆ. ಬಂತು, ಹಾಕಿದೆ, ತಪ್ಪು ಅಂದಿತು. ಮುಂದಿನದು ಹಾಕಿದೆ, ಅದೂ ತಪ್ಪು. ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಹೆಲ್ಪ್‌ಡೆಸ್ಕ್‌ಗೆ ಹೋದರೆ ಅಲ್ಲಿದ್ದವರು ನನ್ನ ಫೋನ್ ಕಡೆ ಒಮ್ಮೆ, ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿ ನಕ್ಕರು. ಕ್ಲಾಸಿಗೆ ತಡ ಆಗಬಾರದು ಅಂತ ನಾನು ಫೋನಿನ ಸಮಯವನ್ನು ನಾಲ್ಕು ನಿಮಿಷ ಮುಂದೆ ಇಟ್ಟುಕೊಂಡಿದ್ದೆ. ಆ ಕೋಡ್ ಹುಟ್ಟೋದೇ ಗಡಿಯಾರದಿಂದ. ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀಲಿ ಫೋನಿಗೆ ಬರುತ್ತದೆ. ಅದನ್ನೂ ಆ ಕ್ಷಣದ ಸಮಯವನ್ನೂ ಸೇರಿಸಿ ಫೋನು ಲೆಕ್ಕ ಹಾಕುತ್ತದೆ, ಸರ್ವರೂ ಹಾಕುತ್ತದೆ. ನನ್ನ ಫೋನು ಪಾಪ, ನಾಲ್ಕು ನಿಮಿಷ ಆಮೇಲೆ ಬರಬೇಕಾದ ಕೋಡ್ ತೋರಿಸುತ್ತಿತ್ತು. ಸಮಯ ಆಟೊಮ್ಯಾಟಿಕ್‌ಗೆ ಹಾಕಿದ ತಕ್ಷಣ ಬಾಗಿಲು ತೆರೆಯಿತು. ಅಲ್ಲೇ ಕೊಟ್ಟ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಐಡಿ ಕಾರ್ಡಿನ ಹಿಂದೆ ಇಟ್ಟುಕೊಂಡೆ. ಒಂದು ವರ್ಷ ಆದ ಮೇಲೆ ಫೋನ್ ನೀರಿಗೆ ಬಿದ್ದಾಗ ಕೈಹಿಡಿದದ್ದು ಅವೇ.

ಇಷ್ಟೆಲ್ಲ ಮಾಡಿ ಒಳಗೆ ಹೋದವನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮತ್ತೆ ಅಲ್ಲಿಗೆ ಬರಬೇಕಾಗದ ಹಾಗೆ ಏರ್ಪಾಡು! ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಹುಡುಕಿ, ಬರೋದೆಲ್ಲ ನನ್ನ ಜಿಮೇಲ್‌ಗೆ ಹೋಗಲಿ ಅಂತ ಹಾಕಿದೆ. ಎರಡು ತಿಂಗಳು ಆರಾಮಾಗಿತ್ತು. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದ ಕಂಪನಿಯಿಂದ ಮಾತ್ರ ಸುದ್ದಿಯಿಲ್ಲ. ಕೊನೆಗೆ ಸ್ಪ್ಯಾಮ್ ಫೋಲ್ಡರ್ ತೆರೆದರೆ ಅಲ್ಲಿ ಕೂತಿತ್ತು, ಇಂಟರ್‌ವ್ಯೂ ತಾರೀಖು ದಾಟಿ.

ಕಾರಣ ಆಮೇಲೆ ತಿಳಿಯಿತು. ಯಾವ ಸರ್ವರ್‌ಗಳು ತನ್ನ ಹೆಸರಲ್ಲಿ ಮೇಲ್ ಕಳಿಸಬಹುದು ಅಂತ ಪ್ರತಿ ಸಂಸ್ಥೆಯೂ ಒಂದು ಪಟ್ಟಿ ಹಾಕಿಡಬಹುದು. ಅದನ್ನು ಎಸ್‌ಪಿಎಫ್ ಅನ್ನುತ್ತಾರೆ. ಮೇಲ್ ಬರೆದದ್ದು ಕಂಪನಿ, ಆದರೆ ಜಿಮೇಲ್ ಬಾಗಿಲಿಗೆ ತಂದುಕೊಟ್ಟದ್ದು ಯೂನಿವರ್ಸಿಟಿ ಸರ್ವರ್. ಕಂಪನಿಯ ಪಟ್ಟಿಯಲ್ಲಿ ಆ ಸರ್ವರ್ ಇಲ್ಲ. ಹೀಗಾದಾಗ ಅನುಮಾನ ಹುಟ್ಟುತ್ತದೆ. ಫಾರ್ವರ್ಡ್ ಆದದ್ದೆಲ್ಲ ಹೀಗೆ ಸಿಕ್ಕಿಬೀಳುತ್ತದೆ ಅಂತಲ್ಲ. ಆದರೆ ಬೇಕಾದದ್ದೇ ಸಿಕ್ಕಿಬಿದ್ದರೆ? ಇನ್ನೊಂದು ತೊಂದರೆ ನಾನು ಉತ್ತರ ಬರೆದಾಗ. ಅದು ಜಿಮೇಲ್ ವಿಳಾಸದಿಂದ ಹೋಗುತ್ತಿತ್ತು. ಪರೀಕ್ಷಾ ವಿಭಾಗದವರು “ಯೂನಿವರ್ಸಿಟಿ ವಿಳಾಸದಿಂದ ಕಳಿಸಿ” ಅಂತ ಎರಡು ಸಲ ವಾಪಸ್ ಕಳಿಸಿದರು.

ಫಾರ್ವರ್ಡಿಂಗ್ ತೆಗೆದೆ. ಮೇಲ್ ಖಾತೆಯನ್ನೇ ಫೋನಿಗೆ ಸೇರಿಸಿಕೊಂಡೆ. ಸರ್ವರಿನಿಂದ ಮೇಲ್ ತರಿಸಿಕೊಳ್ಳೋಕೆ ಪಾಪ್, ಐಮ್ಯಾಪ್ ಅಂತ ಎರಡು ವಿಧಾನ ಇವೆ. ಆಪ್ ಕೇಳಿದಾಗ ಪಾಪ್ ಬೇಡ, ಐಮ್ಯಾಪ್ ಆರಿಸಿ. ಐಮ್ಯಾಪ್‌ನಲ್ಲಿ ಮೇಲ್ ಸರ್ವರಿನಲ್ಲೇ ಇರುತ್ತದೆ, ಫೋನಿನಲ್ಲಿ ಓದಿದ್ದು ವೆಬ್‌ಮೇಲ್‌ನಲ್ಲೂ ಓದಿದ ಹಾಗೆ ಕಾಣುತ್ತದೆ. ಪಾಪ್‌ನಲ್ಲಿ ಆಪ್ ಮೇಲನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡುವುದೂ ಉಂಟು. ಪೋರ್ಟ್, ಅಂದರೆ ಸರ್ವರಿನ ಯಾವ ಬಾಗಿಲು ಅನ್ನೋ ಸಂಖ್ಯೆ, ಕೇಳಿದರೆ ಐಮ್ಯಾಪ್‌ಗೆ ಸಾಮಾನ್ಯವಾಗಿ 993, ಕಳಿಸೋಕೆ 587. ಕಂಪ್ಯೂಟರಿನಲ್ಲಿ ಈಗಲೂ ಬ್ರೌಸರೇ ಸಾಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಅಟ್ಯಾಚ್‌ಮೆಂಟ್ ವಿಷಯ ಒಂದಿದೆ. ನಮ್ಮಲ್ಲಿ ಮಿತಿ 20 ಎಂಬಿ. ನನ್ನ ಪ್ರಾಜೆಕ್ಟ್ ವರದಿ 16 ಎಂಬಿ. ಕೊಡೋಕೆ ಕೊನೆಯ ರಾತ್ರಿ, ಹನ್ನೊಂದೂವರೆಗೆ ಕಳಿಸಿದರೆ ‘ಗಾತ್ರ ಜಾಸ್ತಿ’ ಅಂತ ಬಂತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ, ಹದಿನಾರೇ. ಮೇಲ್ ಮೂಲತಃ ಅಕ್ಷರಗಳನ್ನು ಸಾಗಿಸೋಕೆ ಹುಟ್ಟಿದ್ದು. ಹಾಗಾಗಿ ಫೈಲನ್ನು ಅಕ್ಷರಗಳಾಗಿ ಮಾರ್ಪಡಿಸಿ ಕಳಿಸುತ್ತದೆ, ಮೂರು ಬೈಟ್ ಇದ್ದದ್ದು ನಾಲ್ಕು ಅಕ್ಷರ ಆಗುತ್ತದೆ. 16 ಎಂಬಿ ದಾರಿಯಲ್ಲಿ 21 ದಾಟುತ್ತದೆ. ಫೋಟೊಗಳನ್ನು ಚಿಕ್ಕದು ಮಾಡಿ, ಮತ್ತೆ ಪಿಡಿಎಫ್ ಮಾಡಿ ಕಳಿಸುವಷ್ಟರಲ್ಲಿ 11:56.

ಮೊದಲ ಸೆಮಿಸ್ಟರ್‌ನಲ್ಲೇ ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯೊಳಗೆ ಲಾಗಿನ್ ಆಗಿ’ ಅಂತ ಒಂದು ಬಂತು. ಲೋಗೋ ನಮ್ಮದೇ. ಒತ್ತೋಕೆ ಮುಂಚೆ ಲಿಂಕ್ ಮೇಲೆ ಮೌಸ್ ಇಟ್ಟು ನೋಡಿದೆ. ಯೂನಿವರ್ಸಿಟಿ ಹೆಸರು ಶುರುವಿನಲ್ಲೇ ಇತ್ತು. ಆದರೆ ಶುರುವಿನಲ್ಲಿ ಯಾರು ಯಾವ ಹೆಸರು ಬೇಕಾದರೂ ಹಾಕಬಹುದು. ನೋಡಬೇಕಾದ್ದು ಮೊದಲ ಒಂಟಿ ಓರೆಗೆರೆಗೆ ಸರಿಯಾಗಿ ಮುಂಚೆ ಇರೋ ಭಾಗ. ಅಲ್ಲಿದ್ದದ್ದು ಯಾವುದೋ ಪರಿಚಯವೇ ಇಲ್ಲದ ಹೆಸರು. ಮೇಲನ್ನು ಹೆಲ್ಪ್‌ಡೆಸ್ಕ್‌ಗೆ ಕಳಿಸಿ ಅಳಿಸಿದೆ. ನಮ್ಮ ತರಗತಿಯಲ್ಲಿ ಒಬ್ಬ ಒತ್ತಿ, ಪಾಸ್‌ವರ್ಡೂ ಕೊಟ್ಟ. ಮಾರನೇ ದಿನ ಅವನ ಹೆಸರಿನಿಂದ ನಮಗೆಲ್ಲ ಅದೇ ಮೇಲ್ ಬಂತು.

ಈಗ ನನ್ನದು ಕೊನೆ ಸೆಮಿಸ್ಟರ್. ಕೋರ್ಸ್ ಮುಗಿದ ಮೇಲೆ ಖಾತೆ ಮುಚ್ಚುತ್ತೇವೆ ಅಂತ ಮೊನ್ನೆ ಮೇಲ್ ಬಂತು, ಬಂದ ದಿನವೇ ಓದಿದೆ. ಬೇಕಾದ ಮೇಲ್‌ಗಳನ್ನು ಇಳಿಸಿಕೊಂಡಾಯಿತು. ಆ ವಿಳಾಸ ಕೊಟ್ಟು ನೋಂದಾಯಿಸಿದ ಸೈಟುಗಳಲ್ಲಿ ಒಂದೊಂದಾಗಿ ನನ್ನ ವಿಳಾಸ ಬದಲಾಯಿಸುತ್ತಿದ್ದೇನೆ. ಬದಲಾಯಿಸು ಅಂತ ಒತ್ತಿದರೆ ದೃಢೀಕರಣದ ಕೋಡ್ ಹಳೇ ವಿಳಾಸಕ್ಕೇ ಬರುತ್ತದೆ. ಇನ್ನೂ ಏಳು ಸೈಟು ಉಳಿದಿವೆ.