ಮೊದಲು ಗ್ರಿಡ್, ಆಮೇಲೆ ಡೇಟಾ

ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು, ಎತ್ತರದ ಡೇಟಾ, ಭೂಬಳಕೆ ನಕ್ಷೆ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ಲೆಕ್ಕ ಹಾಕುವುದು ನನ್ನ ಕೆಲಸ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದರೆ ಎಲ್ಲವೂ ಸರಿಯಾಗಿಯೇ ಕೂತಿರುತ್ತವೆ. ಪ್ರೊಜೆಕ್ಷನ್ (ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಬೇರೆ ಇದ್ದರೂ ಅದು ಹೊಂದಿಸಿ ತೋರಿಸುತ್ತದೆ. ಚೆನ್ನಾಗಿ ಜೂಮ್ ಮಾಡಿ ಪಿಕ್ಸೆಲ್ ಅಂಚು ನೋಡಿದರೆ ಮಾತ್ರ ನಿಜ ಗೊತ್ತಾಗುವುದು.

ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್ ಎರಡೂ ಯುಟಿಎಂ ಎಂಬ, ಮೀಟರ್ ಲೆಕ್ಕದ ಪ್ರೊಜೆಕ್ಷನ್‌ನಲ್ಲೇ ಬರುತ್ತವೆ. ಹಾಗಿದ್ದ ಮೇಲೆ ತೊಂದರೆ ಏನು ಅನ್ನಿಸುತ್ತದೆ, ಅಲ್ವಾ? ಲ್ಯಾಂಡ್‌ಸ್ಯಾಟ್‌ನಲ್ಲಿ 30ರ ಗುಣಕವಾದ ನಿರ್ದೇಶಾಂಕ ಬೀಳುವುದು ಪಿಕ್ಸೆಲ್‌ನ ನಟ್ಟನಡುವೆ. ಸೆಂಟಿನೆಲ್‌ನಲ್ಲಿ ಗುಣಕ ಬೀಳುವುದು ಮೂಲೆಯಲ್ಲಿ. ಹಾಗಾಗಿ 30 ಮೀಟರ್ ಗ್ರಿಡ್‌ಗಳೆರಡರ (ಪಿಕ್ಸೆಲ್‌ಗಳ ಚೌಕಜಾಲಗಳ) ನಡುವೆ 15 ಮೀಟರ್ ವ್ಯತ್ಯಾಸ, ಅಂದರೆ ಅರ್ಧ ಪಿಕ್ಸೆಲ್. ಎರಡು ವರ್ಷಗಳ ಚಿತ್ರದಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ನೋಡಿದರೆ ರಸ್ತೆ, ಕೆರೆ, ಹೊಲಗಳ ಅಂಚಿನುದ್ದಕ್ಕೂ ಇಲ್ಲದ ಬದಲಾವಣೆ ಹೊಳೆಯುತ್ತದೆ.

ಅದಕ್ಕೇ ನಾನು ಡೇಟಾ ಮುಟ್ಟುವ ಮೊದಲೇ ಗ್ರಿಡ್ ತೀರ್ಮಾನಿಸುತ್ತೇನೆ. ಪ್ರೊಜೆಕ್ಷನ್, ಪಿಕ್ಸೆಲ್ ಅಳತೆ, ಮೂಲೆಯ ಬಿಂದು, ವ್ಯಾಪ್ತಿ, ಇಷ್ಟೇ. ಸೊನ್ನೆ ತುಂಬಿದ ಒಂದು ಖಾಲಿ ರಾಸ್ಟರ್ (ಪಿಕ್ಸೆಲ್ ರೂಪದ ಫೈಲ್) ಮಾಡಿ ಇಟ್ಟರೆ ಉಳಿದ ಲೇಯರ್‌ಗಳೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಮೂಲೆಯನ್ನು 60ರ ಗುಣಕದಲ್ಲಿ ಇಡುತ್ತೇನೆ. ಆಗ 10, 20, 30, 60 ಮೀಟರ್ ಲೇಯರ್‌ಗಳು ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ಕೆಲಸವೆಲ್ಲ ಲ್ಯಾಂಡ್‌ಸ್ಯಾಟ್ ಮೇಲೆಯೇ ಇದ್ದರೆ ಮಾತ್ರ ಅದರ ಗ್ರಿಡ್ಡನ್ನೇ ಇಟ್ಟುಕೊಳ್ಳುವೆ. ಸುಮ್ನೆ ಯಾಕೆ ಮುಖ್ಯ ಡೇಟಾವನ್ನೇ ಕದಲಿಸಬೇಕು?

ಇಂಥ ಫೈಲ್‌ಗಳನ್ನು ಬದಲಿಸುವ ಉಪಕರಣ ಜಿಡಾಲ್‌ನ 'ಟ್ಯಾಪ್' ಆಯ್ಕೆ ವ್ಯಾಪ್ತಿಯನ್ನು ಪಿಕ್ಸೆಲ್ ಅಳತೆಯ ಗುಣಕಕ್ಕೆ ಹೊಂದಿಸುತ್ತದೆ. ಸೆಂಟಿನೆಲ್‌ಗೆ ಇದು ವರ. ಲ್ಯಾಂಡ್‌ಸ್ಯಾಟ್ ಮೇಲೆ 30 ಮೀಟರ್‌ಗೆ ಓಡಿಸಿದರೆ ಅದೇ ಅರ್ಧ ಪಿಕ್ಸೆಲ್ ಸರಿಯುತ್ತದೆ. ಅಲ್ಲಿ ವ್ಯಾಪ್ತಿಯನ್ನು ನಾನೇ ಬರೆದು ಕೊಡುತ್ತೇನೆ. ಡಿಗ್ರಿಯಲ್ಲಿರುವ ಗ್ರಿಡ್‌ಗಂತೂ ಪಿಕ್ಸೆಲ್ ಅಳತೆ ಕೊಡುವುದೇ ಇಲ್ಲ, ಸಾಲು ಮತ್ತು ಕಾಲಂ ಎಷ್ಟು ಅಂತ ಹೇಳುತ್ತೇನೆ. ಒಂದು ಆರ್ಕ್ ಸೆಕೆಂಡ್, ಅಂದರೆ ಡಿಗ್ರಿಯ 3600ನೇ ಒಂದು ಭಾಗದ ಪಿಕ್ಸೆಲನ್ನು 0.000278 ಅಂತ ಬರೆದರೆ ಒಂದು ಡಿಗ್ರಿ ದಾಟುವಷ್ಟರಲ್ಲಿ ಹೆಚ್ಚುಕಡಿಮೆ 3 ಪಿಕ್ಸೆಲ್ ತಪ್ಪಿರುತ್ತದೆ.

ರೀಸ್ಯಾಂಪ್ಲಿಂಗ್, ಅಂದರೆ ಹೊಸ ಗ್ರಿಡ್ಡಿಗೆ ಪಿಕ್ಸೆಲ್ ಬೆಲೆಗಳನ್ನು ಮತ್ತೆ ಲೆಕ್ಕ ಹಾಕುವುದು, ಒಂದೇ ಸಲ, ಅದೂ ಮೂಲ ಫೈಲ್‌ನಿಂದ ನೇರವಾಗಿ. ಮೊದಲು ಪ್ರೊಜೆಕ್ಷನ್ ಬದಲಿಸಿ, ಆಮೇಲೆ ಅಳತೆ ಬದಲಿಸಿ, ಕೊನೆಗೆ ಕತ್ತರಿಸಿ ಅಂತ ಮೂರು ಹಂತ ಮಾಡಿದರೆ ಚಿತ್ರ ಜಾಸ್ತಿ ಮಸುಕಾಗುತ್ತದೆ. ಭೂಬಳಕೆಯಂಥ ವರ್ಗಗಳಿಗೆ ನಿಯರೆಸ್ಟ್ ನೇಬರ್ (ಅತಿ ಹತ್ತಿರದ ಪಿಕ್ಸೆಲ್‌ನ ಬೆಲೆ). 10 ಮೀಟರ್‌ನಿಂದ 30ಕ್ಕೆ ಹೋಗುವಾಗ ಮೋಡ್ (ಹೆಚ್ಚು ಸಲ ಬಂದ ವರ್ಗ). ಎತ್ತರಕ್ಕೆ ಬೈಲೀನಿಯರ್ (ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳ ತೂಕದ ಸರಾಸರಿ). ಏನೂ ಹೇಳದಿದ್ದರೆ ಜಿಡಾಲ್ ನಿಯರೆಸ್ಟ್ ನೇಬರನ್ನೇ ಹಿಡಿಯುತ್ತದೆ. ಎತ್ತರದ ಡೇಟಾಕ್ಕೆ ಹಾಗಾದರೆ ಇಳಿಜಾರು ನಕ್ಷೆಯಲ್ಲಿ ಪಟ್ಟೆಗಳು ಮೂಡುತ್ತವೆ.

ಕೊನೆಗೆ ಆರ್ ಭಾಷೆಯ ಟೆರಾ ಪ್ಯಾಕೇಜಿನಲ್ಲಿರುವ 'ಕಂಪೇರ್ ಜಿಯೋಮ್' ಓಡಿಸಿ ಲೇಯರ್‌ಗಳ ಗ್ರಿಡ್ ಒಂದೇ ಇದೆಯೇ ನೋಡುತ್ತೇನೆ. ಒಂದು ಲೇಯರ್ ಹೊಂದದಿದ್ದರೂ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ.