ಜನವರಿ 1ರ ಬೆಳಿಗ್ಗೆ, ಹೈಟಿಯ ಕುಂಬಳಕಾಯಿ ಸೂಪು

ಮೂರು ವರ್ಷದಿಂದ ಜನವರಿ 1ರಂದು ನಮ್ಮ ಮನೆಯಲ್ಲಿ ಬೇರೆ ತಿಂಡಿ ಇಲ್ಲ. ಅವತ್ತು ಸೂಪ್ ಜೂಮೂ. ಅದು ಹೈಟಿ ದೇಶದ ಸ್ವಾತಂತ್ರ್ಯ ದಿನದ ಅಡುಗೆ. ಜೊತೆಗೆ ಕೆಲಸ ಮಾಡುತ್ತಿದ್ದ ಹೈಟಿಯ ಗೆಳತಿ ನನಗೆ ಕಲಿಸಿದಳು.

ಅವಳು ಮೊದಲು ಹೇಳಿದ್ದು ಅಳತೆ ಅಲ್ಲ, ಕಥೆ. ಫ್ರೆಂಚರ ಆಳ್ವಿಕೆಯಲ್ಲಿ ಈ ಸೂಪು ಮಾಡುತ್ತಿದ್ದವರು ಗುಲಾಮರು, ಕುಡಿಯುತ್ತಿದ್ದವರು ಧಣಿಗಳು. ಮಾಡಿದವರು ಅದನ್ನು ಬಾಯಿಗಿಡುವ ಹಾಗಿರಲಿಲ್ಲವಂತೆ. 1804ರ ಜನವರಿ 1ರಂದು ಗೊನಾಯೀವ್ ಪಟ್ಟಣದಲ್ಲಿ, ಫ್ರೆಂಚರ ವಿರುದ್ಧದ ಹೋರಾಟದ ನಾಯಕ ದೆಸಲೀನ್ ಸ್ವಾತಂತ್ರ್ಯ ಘೋಷಿಸಿದರು. ಅದರ ನೆನಪಿಗೆ ಪ್ರತಿ ವರ್ಷ ಅದೇ ದಿನ ಅದೇ ಸೂಪು. 2021ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿತು.

ಕೆಲಸ ಹಿಂದಿನ ದಿನವೇ ಶುರು. ದನದ ಮಾಂಸವನ್ನು ನಿಂಬೆರಸದಲ್ಲಿ ತೊಳೆದು, ಎಪಿಸ್ ಹಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇನೆ. ಎಪಿಸ್ ಅಂದರೆ ಬೆಳ್ಳುಳ್ಳಿ, ಪಾರ್ಸ್ಲಿ, ಥೈಮ್, ಈರುಳ್ಳಿ ಸೊಪ್ಪು, ದಪ್ಪ ಮೆಣಸಿನಕಾಯಿ ರುಬ್ಬಿದ ಮಸಾಲೆ. ಇದನ್ನು ಬಿಟ್ಟರೆ ಸೂಪು ಸಪ್ಪೆ. ಬೆಳಿಗ್ಗೆ ಮಾಂಸ ಮೆತ್ತಗಾಗಲು ಒಂದೂವರೆ ಗಂಟೆಯಾದರೂ ಬೇಕು. ಪಕ್ಕದ ಒಲೆಯಲ್ಲಿ ಸಿಹಿ ಕುಂಬಳಕಾಯಿ ಬೇಯಿಸಿ, ನುಣ್ಣಗೆ ರುಬ್ಬಿ, ಮಾಂಸದ ಪಾತ್ರೆಗೆ ಸುರಿಯುತ್ತೇನೆ. ಕಂದು ನೀರು ನೋಡುನೋಡುತ್ತಲೇ ಹೊಂಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಮಕ್ಕಳನ್ನು ಕರೆದು ತೋರಿಸುತ್ತೇನೆ. ಆಮೇಲೆ ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು, ಟರ್ನಿಪ್. ಕೊನೆಗೆ ಪಾಸ್ತಾ.

ಹುಷಾರಾಗಿರಬೇಕಾದ್ದು ಸ್ಕಾಚ್ ಬಾನೆಟ್ ಮೆಣಸಿನಕಾಯಿಯ ಹತ್ತಿರ. ಅದನ್ನು ಇಡಿಯಾಗಿಯೇ ಹಾಕಬೇಕು. ಘಮ ಬೇಕು, ಖಾರ ಜಾಸ್ತಿ ಆಗಬಾರದು. ಮೊದಲ ವರ್ಷ ಸೌಟು ತಾಗಿ ಒಡೆದುಹೋಯಿತು. ಮಕ್ಕಳು ಒಂದು ಚಮಚ ಕುಡಿದು ಅತ್ತೇಬಿಟ್ಟರು. ಈಗ ತರಕಾರಿ ಬೇಯುವಾಗ, ತೊಟ್ಟು ಮೇಲೆ ಕಾಣುವ ಹಾಗೆ ತೇಲಿಬಿಡುತ್ತೇನೆ. ಸೌಟು ಅದರ ಹತ್ತಿರ ಹೋಗುವುದಿಲ್ಲ. ಪಾಸ್ತಾ ಹಾಕುವ ಮೊದಲೇ ಇಕ್ಕಳದಲ್ಲಿ ತೊಟ್ಟು ಹಿಡಿದು ಎತ್ತಿಬಿಡುತ್ತೇನೆ.

"ಸಣ್ಣ ಪಾತ್ರೆಯಲ್ಲಿ ಮಾಡಬೇಡ. ಈ ಸೂಪನ್ನು ಯಾರಿಗೂ ಇಲ್ಲ ಅನ್ನಬಾರದು" ಅಂದಿದ್ದಳು ಗೆಳತಿ. ಅವಳ ಊರಲ್ಲಿ ಮನೆಯಿಂದ ಮನೆಗೆ ಹಂಚುತ್ತಾರಂತೆ. ಹಾಗಾಗಿ ನಮ್ಮಲ್ಲಿರುವ ದೊಡ್ಡ ಪಾತ್ರೆಯನ್ನೇ ಇಳಿಸುತ್ತೇನೆ. ಡಬ್ಬಿಗಳಿಗೆ ತುಂಬಿಕೊಂಡು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತೇವೆ. ಬಾಗಿಲು ತೆರೆದವರಿಗೆ 1804ರ ಕಥೆ ಹೇಳುವ ಕೆಲಸ ಮಕ್ಕಳದು. ಈ ವರ್ಷ ವಾಪಸ್ ಬಂದು ನೋಡಿದರೆ ತಳದಲ್ಲಿ ಒಂದೇ ಬಟ್ಟಲಿನಷ್ಟು ಉಳಿದಿತ್ತು. ಎಲ್ಲರೂ ಪಾತ್ರೆಯ ಸುತ್ತ ನಿಂತು, ಬ್ರೆಡ್ ಅದ್ದಿಕೊಂಡು ತಿಂದೆವು.